ಒಂದು ಮತ ಎಲ್ಲರಿಗೂ ನೆನಪಿದೆ, ಸಂತೇಮರಹಳ್ಳಿ ಕ್ಷೇತ್ರ ಯಾರಿಗೆ ನೆನಪಿದೆ?

ಚುನಾವಣೆ ಹತ್ತಿರ ಬಂದರೆ ಸಾಕು, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯ ಕತೆ ಮತ್ತೆ ಹೊರಗೆ ಬರುತ್ತದೆ. ಮತದಾನ ಜಾಗೃತಿ ಜಾಥಾದಲ್ಲಿ, ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ. 2004ರ ವಿಧಾನಸಭಾ ಚುನಾವಣೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು.

ಈ ಕತೆಗೆ ಒಂದು ಬಾಲವೂ ಇದೆ. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಅವತ್ತು ಓಡಾಟದಲ್ಲಿ ಮತ ಹಾಕಲು ಪುರುಸೊತ್ತೇ ಸಿಗಲಿಲ್ಲವಂತೆ. ಅವನೊಬ್ಬ ಹಾಕಿದ್ದರೆ ಕೃಷ್ಣಮೂರ್ತಿ ಗೆಲ್ಲುತ್ತಿದ್ದರು ಅಂತ ಹೇಳುವವರು ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ.

ಸ್ವಲ್ಪ ನಿಂತು ಲೆಕ್ಕ ಹಾಕಿ. 40,751ಕ್ಕೆ ಒಂದು ಕೂಡಿಸಿದರೆ 40,752. ಅಂದರೆ ಚಾಲಕ ಮತ ಹಾಕಿದ್ದರೂ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ, ಇಬ್ಬರೂ ಸಮ ಸಮ ಆಗುತ್ತಿದ್ದರು. ಇಪ್ಪತ್ತು ವರ್ಷದಿಂದ ಈ ಕತೆ ಹೇಳುತ್ತಿದ್ದೇವೆ, ಒಂದನೇ ಕ್ಲಾಸಿನ ಕೂಡುವ ಲೆಕ್ಕವನ್ನು ಮಾತ್ರ ಯಾರೂ ಮಾಡಿದಂತಿಲ್ಲ.

ಸಮ ಆದರೆ ಏನಾಗುತ್ತದೆ ಅನ್ನುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಮರುಚುನಾವಣೆ ಇಲ್ಲ. ಚುನಾವಣಾಧಿಕಾರಿ ಅಲ್ಲೇ, ಆಗಲೇ ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವರಿಗೆ ಒಂದು ಮತ ಜಾಸ್ತಿ ಬಂತು ಅಂತ ಲೆಕ್ಕ. ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದು ಹೊಸದಲ್ಲ. ದೊಡ್ಡ ಊರಲ್ಲೂ ಆಗಿದೆ. 2017ರ ಮುಂಬೈ ಪಾಲಿಕೆ ಚುನಾವಣೆಯಲ್ಲಿ ಒಂದು ವಾರ್ಡಿನಲ್ಲಿ ಬಿಜೆಪಿಯ ಅತುಲ್ ಶಾ ಮತ್ತು ಶಿವಸೇನೆಯ ಸುರೇಂದ್ರ ಬಾಗಲ್ಕರ್ ಸಮ ಮತ ಪಡೆದರು, ಲಾಟರಿ ಶಾ ಅವರಿಗೆ ಹೊಡೆಯಿತು. ಸಂತೇಮರಹಳ್ಳಿಯ ಆ ಒಂದು ಮತದ ಬೆಲೆ ಇಷ್ಟೇ: ಚೀಟಿ ಎತ್ತುವ ಒಂದು ಅವಕಾಶ.

ಚಾಲಕನ ಕತೆ ನಿಜವೋ, ಸೋಲಿನ ನಂತರ ಹುಟ್ಟಿಕೊಂಡಿದ್ದೋ, ಅದು ಬೇರೆ ಮಾತು. ಆದರೆ ಮತದಾನದ ದಿನ ಬೇರೆಯವರ ಕೆಲಸದಲ್ಲಿ ಸಿಕ್ಕಿಕೊಂಡು ಮತ ತಪ್ಪಿಸಿಕೊಳ್ಳುವ ಚಾಲಕರು, ಹೋಟೆಲ್ ಹುಡುಗರು, ಮನೆಕೆಲಸದವರು ಪ್ರತಿ ಊರಲ್ಲೂ ಇದ್ದಾರೆ. ಚುನಾವಣಾ ಕರ್ತವ್ಯದ ಸಿಬ್ಬಂದಿಗೆ ಅಂಚೆ ಮತದ ಅನುಕೂಲ ಇದೆ. ಇವರಿಗೆ ಅದಿಲ್ಲ. ಮತದಾನದ ದಿನ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕು ಅನ್ನುತ್ತದೆ ಅದೇ ಕಾಯ್ದೆಯ 135ಬಿ ಕಲಂ. ಕೊಡದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಈಗ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೂ ಇಷ್ಟು ಕಟ್ಟಬೇಕು.

ಇನ್ನೊಂದು ತಮಾಷೆ. ಆ 2004ರ ಫಲಿತಾಂಶದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಅದೇ ಮೇ ತಿಂಗಳ ಕೊನೆಗೆ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿಕೊಂಡು ಧರ್ಮಸಿಂಗ್ ಸರ್ಕಾರ ಬಂತು. ಸಂತೇಮರಹಳ್ಳಿಯಲ್ಲಿ ಒಂದು ಮತಕ್ಕೆ ಬಡಿದಾಡಿದ ಎರಡು ಪಕ್ಷಗಳೂ ವಿಧಾನಸೌಧದಲ್ಲಿ ಒಂದೇ ಕಡೆ ಕೂತವು. ಆ ಸೀಟು ಆಕಡೆ ಈಕಡೆ ಆಗಿದ್ದರೂ ಸರ್ಕಾರ ಅದೇ ಇರುತ್ತಿತ್ತು.

ಇಷ್ಟಾಗಿಯೂ ಆ ಒಂದು ಮತ ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ನಾಲ್ಕೇ ವರ್ಷದಲ್ಲಿ ಸಂತೇಮರಹಳ್ಳಿ ಅನ್ನುವ ಕ್ಷೇತ್ರವೇ ಇಲ್ಲವಾಯಿತು. ಗೆದ್ದವರ 40,752, ಸೋತವರ 40,751, ಮತ ಹಾಕದ ಚಾಲಕ, ಎಲ್ಲರೂ ಬೇರೆ ಕ್ಷೇತ್ರದ ಮತದಾರರಾದರು. ಇದರ ಬಗ್ಗೆ ಯಾವ ಕಾಲೇಜಿನಲ್ಲೂ ಭಾಷಣ ಸ್ಪರ್ಧೆ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ಮತದ ಅಂತರವನ್ನು ನಾವು ಭೂತಗನ್ನಡಿ ಹಿಡಿದು ನೋಡುತ್ತೇವೆ, ಕ್ಷೇತ್ರದ ಗೆರೆಯನ್ನು ನೋಡುವುದೇ ಇಲ್ಲ.

ಅಂತರ ಕಮ್ಮಿ ಆದಾಗ

ಅಂತರವನ್ನು ನೋಡಲೇಬಾರದು ಅಂತಲ್ಲ. 2023ರ ಚುನಾವಣೆಯಲ್ಲಿ ನಮ್ಮಲ್ಲಿ ಕೂದಲೆಳೆಯ ಗೆಲುವುಗಳು ಸಾಲಾಗಿ ಬಂದವು. ಜಯನಗರದಲ್ಲಿ 16 ಮತ, ಗಾಂಧಿನಗರದಲ್ಲಿ 105, ಶೃಂಗೇರಿಯಲ್ಲಿ 201, ಮಾಲೂರಿನಲ್ಲಿ 248.

ಜಯನಗರದ ರಾತ್ರಿ ಬೆಂಗಳೂರಿನವರಿಗೆ ನೆನಪಿರಬಹುದು. ಮೇ 13ರ ಸಂಜೆ ಹೊತ್ತಿಗೆ ಇಡೀ ರಾಜ್ಯದ ಫಲಿತಾಂಶ ಬಂದಾಗಿತ್ತು, ಇದೊಂದು ಮಾತ್ರ ಸಿಕ್ಕಿಹಾಕಿಕೊಂಡಿತ್ತು. ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ 57,781 ಅಂತ ಘೋಷಣೆ ಆಯಿತು.

ಇಂಥ ಕಡೆ ಜಗಳ ಯಾವಾಗಲೂ ಅಂಚೆ ಮತದ ಸುತ್ತವೇ ಯಾಕೆ? ಇವಿಎಂ ಅನ್ನು ಹತ್ತು ಸಲ ಒತ್ತಿದರೂ ಅದೇ ಸಂಖ್ಯೆ ಬರುತ್ತದೆ. ಕಾಗದ ಹಾಗಲ್ಲ. ಅಂಚೆ ಮತದ ಜೊತೆ ಘೋಷಣಾ ಪತ್ರ ಇರಬೇಕು, ಅದಕ್ಕೆ ಸಹಿ ಇರಬೇಕು, ಸಹಿಯನ್ನು ಅಧಿಕಾರಿಯೊಬ್ಬರು ದೃಢೀಕರಿಸಿರಬೇಕು, ಒಳ ಲಕೋಟೆ ಬೇರೆ, ಹೊರ ಲಕೋಟೆ ಬೇರೆ. ಒಂದು ತಪ್ಪಿದರೆ ಮತ ಕಸದ ಬುಟ್ಟಿಗೆ. ಆ ತಪ್ಪು ತಪ್ಪೇ ಹೌದಾ ಅಂತ ತೀರ್ಮಾನಿಸುವುದು ಮೇಜಿನ ಹಿಂದೆ ಕೂತ ಅಧಿಕಾರಿ. ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಮ್ಮಿ ಇದ್ದರೆ ಅವೆಲ್ಲವನ್ನೂ ಇನ್ನೊಮ್ಮೆ ನೋಡಲೇಬೇಕು ಅನ್ನುವುದು ಚುನಾವಣಾ ಆಯೋಗದ ನಿಯಮ. ಅಭ್ಯರ್ಥಿ ಮರುಎಣಿಕೆ ಕೇಳಬಹುದು, ಆದರೆ ಅಂತಿಮ ಫಲಿತಾಂಶದ ನಮೂನೆಗೆ ಸಹಿ ಬೀಳುವ ಮೊದಲು ಕೇಳಬೇಕು. ಬಿದ್ದ ಮೇಲೆ ಉಳಿಯುವುದು ಹೈಕೋರ್ಟ್ ಒಂದೇ, ಅದೂ 45 ದಿನದೊಳಗೆ.

ಕೋರ್ಟಿನ ದಾರಿ ಎಷ್ಟು ಉದ್ದ ಅನ್ನುವುದಕ್ಕೆ ಮಾಲೂರು ಇದೆ. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾನೂನು. ಮಾಲೂರಿನಲ್ಲಿ ಕೆ.ವೈ. ನಂಜೇಗೌಡ ಗೆದ್ದದ್ದು 2023ರ ಮೇ ತಿಂಗಳಲ್ಲಿ. ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಮರುಎಣಿಕೆಗೆ ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. ಮತ ಎಣಿಕೆಯ ವಿಡಿಯೊ ದಾಖಲೆಯನ್ನು ಕೋರ್ಟಿಗೆ ಒಪ್ಪಿಸಲು ಆಗಲಿಲ್ಲ ಅನ್ನುವುದು ಆ ಪ್ರಕರಣದಲ್ಲಿ ದೊಡ್ಡ ವಿಷಯವಾಯಿತು. ಶಾಸಕ ಸ್ಥಾನ ಹೋಗುವುದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟರಲ್ಲಿ ಐದು ವರ್ಷದ ಅವಧಿಯಲ್ಲಿ ಹೆಚ್ಚುಕಡಿಮೆ ಅರ್ಧ ಮುಗಿದೇ ಹೋಗಿತ್ತು.

ಗೆರೆ ಎಳೆಯುವ ಲೆಕ್ಕ

ಈಗ ಸಂತೇಮರಹಳ್ಳಿಗೆ ಬರೋಣ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ಹೋಬಳಿ ಕೇಂದ್ರ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಕ್ಷೇತ್ರಕ್ಕೆ ಹಳೆಯ ಹೆಸರಿತ್ತು. ಮಂತ್ರಿಯಾಗಿ, ರಾಜ್ಯಪಾಲರಾಗಿ ಇದ್ದ ಬಿ. ರಾಚಯ್ಯನವರ ಸೀಮೆ ಇದು. ಒಂದು ಮತದಿಂದ ಸೋತ ಕೃಷ್ಣಮೂರ್ತಿ ಈ ರಾಚಯ್ಯನವರ ಮಗ.

ಈ ಕ್ಷೇತ್ರ ಹೋದದ್ದು ಯಾರ ಪಿತೂರಿಯಿಂದಲೂ ಅಲ್ಲ. ಭಾಗಾಕಾರದಿಂದ.

2002ರ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಬಂತು. ಅದಕ್ಕೆ ಮೊದಲು ನಮ್ಮ ಕ್ಷೇತ್ರಗಳ ಗೆರೆ 1971ರ ಜನಗಣತಿಯದ್ದು. ಒಟ್ಟು ಸೀಟು 224, ಅದನ್ನು ಮುಟ್ಟುವಂತಿರಲಿಲ್ಲ. 2001ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷ ಚಿಲ್ಲರೆ. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಇನ್ನು ಪ್ರತಿ ಜಿಲ್ಲೆಯ ಜನಸಂಖ್ಯೆಯನ್ನು ಈ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ.

ಚಾಮರಾಜನಗರ ಜಿಲ್ಲೆ: 9 ಲಕ್ಷ 65 ಸಾವಿರ. ಭಾಗಿಸಿದರೆ 4.09. ಅಂದರೆ ನಾಲ್ಕು ಸೀಟು. ಅಲ್ಲಿ ಇದ್ದದ್ದು ಐದು. ಕೊಡಗು: 5 ಲಕ್ಷ 48 ಸಾವಿರ, 2.33, ಅಂದರೆ ಎರಡು. ಇದ್ದದ್ದು ಮೂರು, ಸೋಮವಾರಪೇಟೆ ಹೋಯಿತು. ಬೆಂಗಳೂರು ನಗರ ಜಿಲ್ಲೆ: 65 ಲಕ್ಷ 37 ಸಾವಿರ, 27.7, ಅಂದರೆ 28. ಇದ್ದದ್ದು 16.

ಹನ್ನೆರಡು ಸೀಟು ಬೆಂಗಳೂರಿಗೆ ಹೋಗಬೇಕಾದರೆ ಬೇರೆ ಎಲ್ಲಿಂದಲೋ ಬರಬೇಕು ತಾನೆ? ಅಷ್ಟೇ ವಿಷಯ. ಚಾಮರಾಜನಗರದ ಪಾಲಿಗೆ ಬಂದ ಬಿಲ್ಲಿನಲ್ಲಿ ಸಂತೇಮರಹಳ್ಳಿಯ ಹೆಸರಿತ್ತು. ಇದು ಅನ್ಯಾಯ ಅಂತ ಹೇಳುವುದು ಸುಲಭ, ಆದರೆ ಆ ಕಡೆಯನ್ನೂ ನೋಡಬೇಕು. ಹಳೆಯ ಉತ್ತರಹಳ್ಳಿ ಕ್ಷೇತ್ರ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿತ್ತು. ಒಬ್ಬ ಶಾಸಕ ಒಂದು ಸಣ್ಣ ಜಿಲ್ಲೆಯನ್ನೇ ನೋಡಿಕೊಳ್ಳಬೇಕಿತ್ತು.

ಆಯೋಗದಲ್ಲಿ ಶಾಸಕರು, ಸಂಸದರು ಸಹ ಸದಸ್ಯರಾಗಿ ಕೂರುತ್ತಾರೆ, ಮಾತಾಡಬಹುದು, ಅವರಿಗೆ ಮತದ ಹಕ್ಕಿಲ್ಲ. ಕರಡು ಪ್ರಕಟವಾಗುತ್ತದೆ, ಆಕ್ಷೇಪ ಕೇಳುತ್ತಾರೆ, ಬಹಿರಂಗ ಸಭೆ ನಡೆಯುತ್ತದೆ. ಆಮೇಲೆ ಗೆಜೆಟ್ಟಿನಲ್ಲಿ ಒಂದೊಂದು ಕ್ಷೇತ್ರಕ್ಕೂ ಇಂತಿಂಥ ತಾಲ್ಲೂಕು, ಇಂತಿಂಥ ಹೋಬಳಿ ಅಂತ ನಾಲ್ಕು ಸಾಲು. ಸಂವಿಧಾನದ 329ನೇ ವಿಧಿ ಪ್ರಕಾರ ಈ ಗೆರೆಗಳನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಹೆಚ್ಚುಕಡಿಮೆ ದಾರಿಯೇ ಇಲ್ಲ. ಹದಿನಾರು ಮತದ ಸೋಲಿಗೆ ಹೈಕೋರ್ಟ್ ಇದೆ. ಒಂದು ಇಡೀ ಕ್ಷೇತ್ರ ಅಳಿಸಿಹೋದರೆ ಬಹಿರಂಗ ಸಭೆಯಲ್ಲಿ ಕೊಟ್ಟ ಅರ್ಜಿಯೇ ಗತಿ.

2008ರ ಮೇ ತಿಂಗಳಲ್ಲಿ ಹೊಸ ಗೆರೆಗಳ ಮೇಲೆ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ. ಸಂತೇಮರಹಳ್ಳಿ ಕೊಳ್ಳೇಗಾಲ ಕ್ಷೇತ್ರದ ಒಂದು ಭಾಗವಾಯಿತು.

ಎರಡು ಮನೆಯ ಸಾಮಾನು ಒಂದೇ ಮನೆಗೆ

ಕಾಗದದ ಮೇಲೆ ಇದು ಒಂದು ಸಂಖ್ಯೆ ಕಡಿಮೆಯಾದ ಹಾಗೆ. ಊರಿನ ರಾಜಕೀಯದಲ್ಲಿ ಹಾಗಲ್ಲ. ಸಂತೇಮರಹಳ್ಳಿಯೂ ಮೀಸಲು, ಕೊಳ್ಳೇಗಾಲವೂ ಮೀಸಲು. ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯ ನಾಯಕರಿಗೆ ಎರಡು ಬಾಗಿಲಿತ್ತು, ಈಗ ಒಂದೇ. ಇಡೀ ರಾಜ್ಯದಲ್ಲಿ ನೋಡಿದರೆ ಮೀಸಲು ಕ್ಷೇತ್ರಗಳು ಹೆಚ್ಚಾದವು: ಪರಿಶಿಷ್ಟ ಜಾತಿಗೆ 33 ಇದ್ದದ್ದು 36, ಪರಿಶಿಷ್ಟ ಪಂಗಡಕ್ಕೆ 2 ಇದ್ದದ್ದು 15. ಆದರೆ ಈ ಮೂಲೆಯಲ್ಲಿ ಒಂದು ಬಾಗಿಲು ಮುಚ್ಚಿತು. ಎರಡು ಕ್ಷೇತ್ರಗಳಲ್ಲಿ ಬೆಳೆದ ನಾಯಕರೆಲ್ಲ ಒಂದೇ ಬಾಗಿಲ ಮುಂದೆ ಸಾಲು ನಿಂತರು.

ಆಮೇಲಿನ ಹದಿನೈದು ವರ್ಷದ ಫಲಿತಾಂಶ ನೋಡಿದರೆ ಈ ನೂಕುನುಗ್ಗಲು ಕಾಣುತ್ತದೆ. 2008ರಲ್ಲಿ ಸಂತೇಮರಹಳ್ಳಿಯಿಂದ ಬಂದ ಧ್ರುವನಾರಾಯಣ ಕೊಳ್ಳೇಗಾಲದಲ್ಲಿ ಗೆದ್ದರು. ಮರುವರ್ಷ ಚಾಮರಾಜನಗರದ ಸಂಸದರಾದರು, ಶಾಸಕ ಸ್ಥಾನ ಬಿಟ್ಟರು. 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ. 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್. ಅವತ್ತು ಅವರ ಎದುರು ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತವರು ಅದೇ ಕೃಷ್ಣಮೂರ್ತಿ, ಈ ಸಲ 19 ಸಾವಿರಕ್ಕೂ ಹೆಚ್ಚು ಮತದಿಂದ. ಮಹೇಶ್ ಆ ವಿಧಾನಸಭೆಯಲ್ಲಿ ಬಿಎಸ್‌ಪಿಯ ಒಬ್ಬರೇ ಶಾಸಕ. ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಸಚಿವರಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ವಿಶ್ವಾಸಮತಕ್ಕೆ ಗೈರಾದದ್ದಕ್ಕೆ ಪಕ್ಷ ಅವರನ್ನು ಹೊರಗೆ ಹಾಕಿತು, 2021ರಲ್ಲಿ ಬಿಜೆಪಿ ಸೇರಿದರು.

2023ರಲ್ಲಿ ಮಹೇಶ್ ಬಿಜೆಪಿಯಿಂದ, ಕೃಷ್ಣಮೂರ್ತಿ ಕಾಂಗ್ರೆಸ್ಸಿನಿಂದ. ಕೃಷ್ಣಮೂರ್ತಿ ಗೆದ್ದರು. ಅಂತರ 59 ಸಾವಿರಕ್ಕೂ ಹೆಚ್ಚು. ಒಂದು ಮತದಿಂದ ಸೋತವರು ಹತ್ತೊಂಬತ್ತು ವರ್ಷದ ಮೇಲೆ, ತಮ್ಮ ಹಳೆಯ ಎದುರಾಳಿಯ ಪಕ್ಷದಿಂದಲೇ, ಆ ಎದುರಾಳಿ ಒಮ್ಮೆ ಗೆದ್ದಿದ್ದ ಕ್ಷೇತ್ರದಿಂದಲೇ ಹೀಗೆ ಬಂದರು. ಧ್ರುವನಾರಾಯಣ ಅದನ್ನು ನೋಡಲಿಲ್ಲ. ಚುನಾವಣೆಗೆ ಎರಡು ತಿಂಗಳಿರುವಾಗ, ಮಾರ್ಚ್‌ನಲ್ಲಿ ತೀರಿಕೊಂಡರು. ಮಗ ದರ್ಶನ್ ಪಕ್ಕದ ನಂಜನಗೂಡಿನಿಂದ ಗೆದ್ದರು. ಒಂದು ಮತದಿಂದ ಗೆದ್ದ ಧ್ರುವನಾರಾಯಣ 2019ರ ಲೋಕಸಭಾ ಚುನಾವಣೆಯಲ್ಲಿ ವಿ. ಶ್ರೀನಿವಾಸಪ್ರಸಾದ್ ಎದುರು ಸೋತದ್ದು 1,817 ಮತದಿಂದ. ಹನ್ನೊಂದು ಲಕ್ಷಕ್ಕೂ ಹೆಚ್ಚು ಮತ ಇಬ್ಬರ ನಡುವೆ ಹಂಚಿಹೋದ ಚುನಾವಣೆಯಲ್ಲಿ ಅದೂ ಕೂದಲೆಳೆಯೇ.

ಕೊಳ್ಳೇಗಾಲ ಈ ಐದು ಸಲದಲ್ಲಿ ಒಬ್ಬರನ್ನೂ ಎರಡನೇ ಸಲ ಆರಿಸಿಲ್ಲ. ಇದಕ್ಕೆ ಪಕ್ಷಗಳ ಗಾಳಿ, ಅಭ್ಯರ್ಥಿಗಳ ವರ್ತನೆ ಎಲ್ಲ ಕಾರಣ ಇರಬಹುದು. ಎರಡು ಕ್ಷೇತ್ರದ ಸಾಮಾನನ್ನು ಒಂದೇ ಮನೆಗೆ ತುಂಬಿದ್ದೂ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ. ಟಿಕೆಟ್ ಸಿಗದ ಗಟ್ಟಿ ಅಭ್ಯರ್ಥಿ ಇಲ್ಲಿ ಯಾವಾಗಲೂ ಒಬ್ಬರಾದರೂ ಇರುತ್ತಾರೆ.

ಮುಂದಿನ ಭಾಗಾಕಾರ

ಇದನ್ನೆಲ್ಲ ಈಗ ಯಾಕೆ ಕೆದಕಬೇಕು? ಯಾಕೆಂದರೆ ಆ ಭಾಗಾಕಾರ ಮತ್ತೆ ಬರುತ್ತಿದೆ. ಸಂವಿಧಾನದ 84ನೇ ತಿದ್ದುಪಡಿ ಸೀಟುಗಳ ಸಂಖ್ಯೆಗೆ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯವರೆಗೆ. ಮುಂದಿನ ಜನಗಣತಿಯ ಎಣಿಕೆಗೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಪುನರ್ವಿಂಗಡಣೆ ಅಂದರೆ ನಾವು ಲೋಕಸಭೆಯ ಬಗ್ಗೆ ಮಾತ್ರ ಮಾತಾಡುತ್ತೇವೆ, ಉತ್ತರಕ್ಕೆ ಎಷ್ಟು, ದಕ್ಷಿಣಕ್ಕೆ ಎಷ್ಟು ಅಂತ. ಆ ಜಗಳ ನ್ಯಾಯವಾದದ್ದೇ. ಆದರೆ ದೆಹಲಿಯ ಎದುರು ನಾವು ಹೇಳುವ ಮಾತನ್ನೇ ರಾಜ್ಯದೊಳಗೆ ಮಲೆನಾಡು, ಕರಾವಳಿ ಬೆಂಗಳೂರಿನ ಎದುರು ಹೇಳಲಿವೆ. ಆಗ ನಮ್ಮ ಉತ್ತರ ಏನು?

2011ರ ಲೆಕ್ಕವನ್ನೇ ಹಿಡಿಯಿರಿ. ಆಗ ರಾಜ್ಯದಲ್ಲಿ 6 ಕೋಟಿ 11 ಲಕ್ಷ ಜನ. 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2 ಲಕ್ಷ 73 ಸಾವಿರ. ಬೆಂಗಳೂರು ನಗರ ಜಿಲ್ಲೆಗೆ 35.3 ಬರುತ್ತದೆ, ಈಗಿರುವುದು 28. ಏಳು ಸೀಟು ಬೇಕು. ಚಿಕ್ಕಮಗಳೂರಿಗೆ 4.17, ಇರುವುದು ಐದು. ಉಡುಪಿಗೆ 4.3, ಇರುವುದು ಐದು. ಉತ್ತರ ಕನ್ನಡಕ್ಕೆ 5.3, ಇರುವುದು ಆರು. ಶಿವಮೊಗ್ಗಕ್ಕೆ 6.4, ಇರುವುದು ಏಳು. ತುಮಕೂರಿಗೆ 9.8, ಇರುವುದು ಹನ್ನೊಂದು. ಇದು 2011ರ ಚಿತ್ರ. ಆಮೇಲೆ ಬೆಂಗಳೂರು ಎಷ್ಟು ಬೆಳೆದಿದೆ ಅನ್ನುವುದಕ್ಕೆ ಜನಗಣತಿ ಬೇಡ, ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ನಿಂತರೆ ಸಾಕು. ಸೀಟು 224 ಇದ್ದಷ್ಟೇ ಇದ್ದರೆ ಈ ಲೆಕ್ಕ. ಸಂವಿಧಾನ ವಿಧಾನಸಭೆಗೆ 500ರವರೆಗೂ ಅವಕಾಶ ಕೊಟ್ಟಿದೆ. ಹೆಚ್ಚಿಸಿದರೆ ಹಳೆಯ ಜಿಲ್ಲೆಗಳ ಸೀಟು ಉಳಿಯಬಹುದು, ಸಭೆಯಲ್ಲಿ ಅವರ ಪಾಲು ಆಗಲೂ ಕಮ್ಮಿಯೇ ಆಗುತ್ತದೆ.

ಇದರ ಇನ್ನೊಂದು ಮುಖ. 2023ರಲ್ಲಿ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರು ಸುಮಾರು 7 ಲಕ್ಷ. ಶೃಂಗೇರಿಯಲ್ಲಿ 1 ಲಕ್ಷ 70 ಸಾವಿರದ ಆಸುಪಾಸು. ಇಬ್ಬರು ಶಾಸಕರಿಗೂ ಕ್ಷೇತ್ರಾಭಿವೃದ್ಧಿ ನಿಧಿ ಒಂದೇ, ವರ್ಷಕ್ಕೆ 2 ಕೋಟಿ. ಶೃಂಗೇರಿಯ ಒಬ್ಬ ಮತದಾರರಿಗೆ ಸುಮಾರು 118 ರೂಪಾಯಿ, ಬೆಂಗಳೂರು ದಕ್ಷಿಣದವರಿಗೆ 29. ಒಬ್ಬರಿಗೆ ಒಂದು ಮತ ಅಂತೀವಲ್ಲ, ಬೆಂಗಳೂರು ದಕ್ಷಿಣದ ನಾಲ್ಕು ಮತ ಸೇರಿದರೆ ಶೃಂಗೇರಿಯ ಒಂದು. ಇದು ಸರಿಯಾ? ಸರಿಯಲ್ಲ. ಹಾಗಂತ ಮಳೆಗಾಲದಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಒಂಟಿ ಮನೆಗಳನ್ನು ಸುತ್ತಬೇಕಾದ ಶಾಸಕನಿಗೆ ಇನ್ನೊಂದು ತಾಲ್ಲೂಕು ಕಟ್ಟುವುದು ಸರಿಯಾ? ಬೆಂಗಳೂರಿನ ಶಾಸಕ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಸಾವಿರ ಜನರನ್ನು ಮಾತಾಡಿಸಬಹುದು. ಮಲೆನಾಡಿನಲ್ಲಿ ಸಾವಿರ ಜನರನ್ನು ನೋಡಲು ಎಷ್ಟು ದಿನ ಬೇಕು ಅಂತ ಅಲ್ಲಿಯ ಪೋಸ್ಟ್‌ಮ್ಯಾನ್‌ಗಳನ್ನು ಕೇಳಿ. ನನಗೆ ಜನಸಂಖ್ಯೆಯ ಲೆಕ್ಕವೇ ಮೊದಲು ಬರಬೇಕು ಅನಿಸುತ್ತದೆ, ಆದರೆ ಭೂಪಟ ನೋಡದೆ ಬರೀ ಕ್ಯಾಲ್ಕುಲೇಟರ್ ಹಿಡಿದು ಕೂರುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಚಾಮರಾಜನಗರಕ್ಕೆ ಏನಾಗುತ್ತದೆ? 2011ರ ಲೆಕ್ಕದಲ್ಲಿ 10 ಲಕ್ಷ 21 ಸಾವಿರ ಜನ, ಭಾಗಿಸಿದರೆ 3.74. ಮೇಲಕ್ಕೆ ಹಿಡಿದರೆ ನಾಲ್ಕು, ಬಚಾವ್. 2001ರಲ್ಲಿ ಇದು 4.09 ಇತ್ತು. ಹತ್ತು ವರ್ಷದಲ್ಲಿ ಇಳಿದಷ್ಟೇ ಮತ್ತೆ ಇಳಿದಿದ್ದರೆ 3.5ರ ಕೆಳಗೆ ಬರುತ್ತದೆ, ಅಂದರೆ ಮೂರು ಸೀಟು. ಆಗ ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ಈ ನಾಲ್ಕರಲ್ಲಿ ಯಾವ ಹೆಸರು ಹೋಗಬೇಕು ಅಂತ ಕರಡು ಪ್ರಕಟವಾದ ಮೇಲೆ ಒಂದು ಬಹಿರಂಗ ಸಭೆ ನಡೆಯುತ್ತದೆ. ಸಂತೇಮರಹಳ್ಳಿಯವರು ಹೋದರೆ ಅವರಿಗೆ ಅದು ಎರಡನೇ ಸಲ.